ಕೋಳಿಬಂಡೆಯ ಮೇಲಿದ್ದ ಮರಿ

ಹೊರಡುವ ಮುಂಚೆ

ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ಹೊಸೂರು ಕಡೆಯ ನಮ್ಮ ಬೇರಿಕೆಯ ಸಂತೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳದವರಿಲ್ಲ. ವಿಮಾನದಲ್ಲಿ ಏನು ಊಟ ಕೊಟ್ಟರು, ಚಳಿ ತಡೆಯುವ ಹಾಗಿತ್ತೇ, ಅಲ್ಲಿ ರಾಗಿ ಸಿಗುತ್ತದೆಯೇ. ಎಲ್ಲದಕ್ಕೂ ಉತ್ತರ ಕೊಟ್ಟಿದ್ದೇನೆ. ಟೀ ಅಂಗಡಿಯಲ್ಲಿ ಕೂತಾಗ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದೇನೆ. ಒಂದು ಗುಡ್ಡದ ಮೇಲೆ ಕಳೆದ ಒಂದು ಹಗಲಿನ ಸುದ್ದಿಯನ್ನು ಮಾತ್ರ ಯಾರ ಮುಂದೆಯೂ ಎತ್ತಿಲ್ಲ. ಬಾಯಲ್ಲಿ ಹೇಳಲಾರದ್ದನ್ನು ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ನಾನು ಕಲ್ಲಿನ ಕೆಲಸದವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕೃಷ್ಣಗಿರಿ ಕಡೆಯ ಕ್ವಾರಿಯೊಂದರಲ್ಲಿ ಚಕ್ಕೆ ಹೊರುವುದಕ್ಕೆ ಸೇರಿದೆ. ಆಮೇಲೆ ಉಳಿ ಹಿಡಿದೆ, ಆಮೇಲೆ ಮಿಷನ್ನು ಹಿಡಿದೆ. ಈಗ ರಸ್ತೆಬದಿಯಲ್ಲಿ ನನ್ನದೇ ಒಂದು ಶೆಡ್ಡು ಇದೆ. ಕರೀ ಕಲ್ಲನ್ನು ಕೊಯ್ದು, ಮುಖ ನೋಡಿಕೊಳ್ಳುವಷ್ಟು ಪಾಲಿಶ್ ಮಾಡಿ, ಗೋರಿಕಲ್ಲುಗಳಾಗಿ ಪರದೇಶಕ್ಕೆ ಕಳಿಸುತ್ತೇವೆ. ಹೊಸೂರಿನ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವ ನಮ್ಮ ಊರಿನ ಹುಡುಗರು ಶೆಡ್ಡಿನ ಮುಂದೆ ಬೈಕು ನಿಧಾನ ಮಾಡಿ ನಮಸ್ಕಾರ ಹಾಕುತ್ತಾರೆ. ಆ ನಮಸ್ಕಾರ ನನ್ನ ಕೈಗೆ ಸಲ್ಲುತ್ತದೆ, ಓದಿಗಲ್ಲ ಎಂಬ ಹೆಮ್ಮೆ ನನಗೆ ಯಾವಾಗಲೂ ಇತ್ತು.

ಕನ್ನಡ, ತಮಿಳು, ತೆಲುಗು ಮೂರೂ ಬಾಯಲ್ಲಿ ಸಲೀಸು. ಇಂಗ್ಲಿಷು ಮಾತ್ರ ಕಲ್ಲಿನ ಜೊತೆ ಬಂದಷ್ಟು. ‘ಗುಡ್ ಫಿನಿಶ್’, ‘ನೋ ಕ್ರ್ಯಾಕ್’, ‘ಫ್ರೈಡೇ ಶೂರ್’. ಉಳಿದದ್ದಕ್ಕೆಲ್ಲ ‘ಯಸ್, ಯಸ್’ ಎಂದು ತಲೆಯಾಡಿಸುತ್ತಿದ್ದೆ. ಅದರಿಂದ ಎಂದೂ ನಷ್ಟವಾಗಿರಲಿಲ್ಲ. ಅವರು ಬಾಯಲ್ಲಿ ಏನೇ ಹೇಳಲಿ, ಅಳತೆ ಹಾಕಿದ ನಕ್ಷೆ ಹಿಂದೆಯೇ ಬರುತ್ತಿತ್ತಲ್ಲ.

ನಮ್ಮ ಕಲ್ಲು ಕೊಳ್ಳುವ ಕೆನ್ ಎಂಬಾತ ಇಲ್ಲಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಊಟ. ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ ತಿನ್ನುತ್ತಿದ್ದ. ಅವನೇ ಒಂದು ಸಲ, ನಿನ್ನ ಕಲ್ಲುಗಳು ಎಲ್ಲಿ ನಿಂತಿವೆ ಎಂದು ನೀನೇ ಬಂದು ನೋಡು, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದ. ಹೆಂಡತಿ ರತ್ನ ವೀಸಾ ಆಫೀಸಿನಿಂದ ಹೊರಗೆ ಬರುತ್ತಲೇ, “ಗೋರಿ ನೋಡಕ್ಕೆ ಇಷ್ಟು ದೂರ ಹೋಗೋರು ನಾವಿಬ್ರೇ ಕಣಯ್ಯಾ” ಎಂದಳು.

ಕಲ್ಲುಗಳು ನಿಂತ ಜಾಗ

ಕೆನ್‌ನ ಊರು ಇಂಗ್ಲೆಂಡಿನ ನೈರುತ್ಯದಲ್ಲಿ, ಡಾರ್ಟ್‌ಮೂರ್ ಎಂಬ ಬೋಳುಗುಡ್ಡಗಳ ಸೀಮೆಯ ಅಂಚಿನಲ್ಲಿದೆ. ಅವನು ತನ್ನ ತಾಯಿಯ ಮನೆಯಲ್ಲೇ ನಮ್ಮನ್ನು ಇಳಿಸಿದ. ತಾಯಿಯ ಹೆಸರು ಜೋನ್. ರತ್ನ ಬಂದ ಗಳಿಗೆಯಿಂದ ‘ಜೋನಮ್ಮ’ ಎಂದೇ ಕರೆದಳು, ಅವರೂ ಅದಕ್ಕೇ ಓಗೊಡಲು ಶುರು ಮಾಡಿದರು. ಎಂಬತ್ತರ ಹತ್ತಿರದ ಹೆಂಗಸು. ಮೊಣಕಾಲು ಹೋಗಿದೆ, ಕಣ್ಣಿಗೆ ಮಂಜು ಕವಿದ ಹಾಗೆ, ಮಾತು ಮಾತ್ರ ಗಟ್ಟಿ. ರತ್ನನಿಗೂ ಅವರಿಗೂ ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಆದರೆ ಅಡಿಗೆಮನೆಯಲ್ಲಿ ಇಬ್ಬರ ನಗು ನಿಲ್ಲುತ್ತಿರಲಿಲ್ಲ. ನಾನು ಮುಂದಿನ ಕೋಣೆಯಲ್ಲಿ ಕೋಟು ಹಾಕಿಕೊಂಡು ಕೆನ್‌ಗೆ ‘ಯಸ್, ಯಸ್’ ಎನ್ನುತ್ತಾ ಕೂತಿರುತ್ತಿದ್ದೆ.

ಮರುದಿನ ಚರ್ಚಿನ ಹಿತ್ತಲಿಗೆ ಹೋದೆವು. ಸಣ್ಣ ಮಳೆ. ಹಸಿರು ಹುಲ್ಲಿನ ಮೇಲೆ ನಮ್ಮ ಕಲ್ಲುಗಳು ಸಾಲಾಗಿ ನಿಂತಿದ್ದವು, ನೀರು ಜಾರಿ ಹೊಳೆಯುತ್ತಿದ್ದವು. ನಮ್ಮ ಶೆಡ್ಡಿನ ಧೂಳಿನಲ್ಲಿ ಹುಟ್ಟಿದವು ಇಲ್ಲಿ ಯಾರದೋ ತಾಯಿ, ಯಾರದೋ ಗಂಡ ಆಗಿವೆ. ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ರತ್ನ ಒಂದು ಕಲ್ಲಿನ ಮುಂದೆ ಬಗ್ಗಿ ನಿಂತಳು.

“ಇಗಾ, ಇಲ್ಲಿ ಕಂದು ಎಳೆ ಐತಲ್ಲ, ಇದ್ರ ಮ್ಯಾಲೇ ನಾನು ಆವತ್ತು ಸಂಡಿಗೆ ಒಣಗಾಕಿದ್ದು.”

“ಸುಮ್ಕಿರ್ಲೇ.”

“ಯಾಕೆ ಸುಮ್ಕಿರ್ಲಿ? ಪಾಪ, ಒಳಗಿರೋರ್ಗೆ ಗೊತ್ತಾಗ್ಬೇಕಲ್ಲ, ಉಪ್ಪಿನ ಋಣ.”

ಏನಂತೆ ಎಂದು ಕೆನ್ ಕೇಳಿದ. “ಶಿ ಸೇ, ಗುಡ್ ಫಿನಿಶ್” ಎಂದೆ.

ಡಬ್ಬಿಯ ಆಟ

ಆ ಸಂಜೆ ಕೆನ್ ಒಂದು ವಿಷಯವನ್ನು ನನಗೆ ಅರ್ಥವಾಗುವ ಹಾಗೆ, ನಿಧಾನವಾಗಿ, ಚಮಚ ತಟ್ಟೆಗಳನ್ನು ಮೇಜಿನ ಮೇಲೆ ಇಟ್ಟು ತೋರಿಸಿ ಹೇಳಿದ.

ಅವರಲ್ಲಿ ಒಂದು ಆಟವಿದೆ. ಗುಡ್ಡದಲ್ಲಿ ಒಬ್ಬರು ಒಂದು ಡಬ್ಬಿ ಬಚ್ಚಿಡುತ್ತಾರೆ. ಅದರಲ್ಲಿ ಒಂದು ಪುಟ್ಟ ಪುಸ್ತಕ, ಕೈಯಲ್ಲಿ ಕೊರೆದ ಒಂದು ರಬ್ಬರ್ ಮೊಹರು, ಅಷ್ಟೇ. ಹುಡುಕಿದವರು ಆ ಮೊಹರನ್ನು ಒತ್ತಿಕೊಂಡು, ತಮ್ಮ ಗುರುತನ್ನು ಆ ಪುಸ್ತಕದಲ್ಲಿ ಬಿಟ್ಟು, ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಬರಬೇಕು. ಈಗಿನವರು ಇಂಥದ್ದನ್ನು ಫೋನಿನಲ್ಲಿ ಉಪಗ್ರಹದ ಗುರುತು ನೋಡಿಕೊಂಡು ಹೋಗಿ ಎತ್ತುತ್ತಾರಂತೆ. ಜೋನಮ್ಮನಿಗೆ ಮತ್ತು ಅವರ ಅಕ್ಕ ಎಡ್ನಾಗೆ ಅದು ಮೋಸದಾಟ. ಅವರದು ಬಾಯಿಮಾತಿನ ಗುರುತು, ಕೈಯಲ್ಲಿ ಒಂದು ದಿಕ್ಸೂಚಿ, ಎರಡು ಕಾಲು. ಒಂದು ವರ್ಷ ಅಕ್ಕ ಬಚ್ಚಿಟ್ಟರೆ ತಂಗಿ ಹುಡುಕುವುದು, ಮರುವರ್ಷ ತಂಗಿಯ ಸರದಿ. ಮದುವೆ, ಮಕ್ಕಳು, ಜಗಳ ಏನಾದರೂ ಇದೊಂದು ನಿಂತಿರಲಿಲ್ಲ.

ಹೋದ ವರ್ಷ ಎಡ್ನಾ ಬಚ್ಚಿಟ್ಟರು, ತಂಗಿಗೆ ಗುರುತು ಹೇಳಿದರು, ತಂಗಿ ಹುಡುಕಿಕೊಂಡು ಹೊರಡುವ ಮುಂಚೆಯೇ ಎಡ್ನಾ ಕಾಯಿಲೆ ಬಿದ್ದು ತೀರಿಕೊಂಡರು. ಜೋನಮ್ಮನಿಗೆ ಇನ್ನೇನು ಮೊಣಕಾಲಿನ ಆಪರೇಷನ್ನು. ಕಣ್ಣೂ ದಿನದಿಂದ ದಿನಕ್ಕೆ ಮಸುಕು. ಮುಂದಿನ ವರ್ಷ ಗುಡ್ಡ ಹತ್ತುವ ಮಾತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಕ್ಕ ಬಚ್ಚಿಟ್ಟ ಕೊನೆಯ ಡಬ್ಬಿ ಅಲ್ಲೆಲ್ಲೋ ಕಲ್ಲಿನ ಸಂದಿಯಲ್ಲಿ ಕೂತಿದೆ. ಅದನ್ನು ತನ್ನ ಕೈಯಿಂದಲೇ ತೆಗೆಯಬೇಕು ಎಂದು ಅವರ ಆಸೆ. ನಾಳೆ ಹೋಗುತ್ತೇವೆ, ನೀವೂ ಬನ್ನಿ ಎಂದ ಕೆನ್. ಕಲ್ಲಿನ ಗುಡ್ಡವಲ್ಲವೇ, ನಾನಿದ್ದೇನಲ್ಲ ಎಂದು ನಾನು ಎದೆ ತಟ್ಟಿಕೊಂಡೆ. ಅಕ್ಷರಶಃ ತಟ್ಟಿಕೊಂಡೆ. ಜೋನಮ್ಮ ನಕ್ಕರು.

ರತ್ನನಿಗೆ ನಾನು ಇದನ್ನೆಲ್ಲ ಹೇಳಿದಾಗ ಅವಳು ನಂಬಲಿಲ್ಲ.

“ಡಬ್ಬೀಲಿ ದುಡ್ಡಿಲ್ವಾ? ಚಿನ್ನ?”

“ಇಲ್ಲ. ಮೊಹರು.”

“ನಮ್ ಸಾನಮಾವು ಕಡೆ ಕಲ್ಲಿನ ಸಂದೀಲಿ ಡಬ್ಬಿ, ಅದ್ರೊಳ್ಗೆ ಕೆಂಪು ಇಂಕು ಸಿಕ್ಕಿದ್ರೆ ಊರೋರು ಆ ದಾರೀಲಿ ವರ್ಸ ಪೂರ್ತಿ ಓಡಾಡಲ್ಲ. ಮಾಟ ಅಂತ ನಿಂಬೆಹಣ್ಣು ಕುಯ್ಯಕ್ಕೋಗೋರು.”

ಕಾರಿನಲ್ಲಿ

ಬೆಳಿಗ್ಗೆ ಜೋನಮ್ಮ ಎಲ್ಲರ ಫೋನನ್ನೂ ಇಸಿದುಕೊಂಡು ಕಾರಿನ ಮುಂದಿನ ಖಾನೆಗೆ ಹಾಕಿ ಮುಚ್ಚಿದರು. ಆಮೇಲೆ ಹಿಂದಕ್ಕೆ ತಿರುಗಿ, ನನ್ನ ಮುಖವನ್ನೇ ನೋಡುತ್ತಾ, ಅಕ್ಕ ಹೇಳಿದ ಗುರುತನ್ನು ಹೇಳಿದರು. ಹಾಡಿನ ಹಾಗೆ ಒಂದೇ ಉಸಿರಿನಲ್ಲಿ. ಅವರು ಅದನ್ನು ನನಗೆ ಹೇಳಿದ್ದು ಯಾಕೆ ಎಂದು ಆಮೇಲೆ ಗೊತ್ತಾಯಿತು: ಮುಂದೆ ಹತ್ತುವವನು ನಾನು, ಕಣ್ಣು ನೆಟ್ಟಗಿರುವವನು ನಾನು.

ನನಗೆ ಒಂದಕ್ಷರ ತಿಳಿಯಲಿಲ್ಲ. ‘ಸ್ಟೋನ್’ ಎಂಬ ಒಂದು ಮಾತು ಕಿವಿಗೆ ಬಿತ್ತು, ‘ಚರ್ಚ್’ ಎಂಬ ಇನ್ನೊಂದು. ತಲೆಯಾಡಿಸಿದೆ. “ಯಸ್, ಯಸ್. ನೋ ಪ್ರಾಬ್ಲಮ್.”

ಅವರು ಇನ್ನೊಮ್ಮೆ ಹೇಳಲೇ ಎಂಬಂತೆ ಹುಬ್ಬೇರಿಸಿದರು. ನಾನು ಕೈ ಅಡ್ಡ ಆಡಿಸಿ ಬೇಡ ಎಂದೆ.

ರತ್ನ ಪಕ್ಕದಿಂದ ತಿವಿದಳು. “ನಿಂಗರ್ಥಾಯ್ತಾ?”

“ಆಯ್ತು ಕಣಮ್ಮಿ.”

“ಏನಂದ್ರು ಹಂಗಾರೆ?”

“ಅದೇ... ಗುಡ್ಡದ ವಿಸ್ಯ.”

“ಗುಡ್ಡಕ್ಕೋಗ್ತಾ ಗುಡ್ಡದ ವಿಸ್ಯ ಹೇಳ್ದೆ ಗೌರಿ ಹಬ್ಬದ ವಿಸ್ಯ ಹೇಳ್ತಾರಾ?” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಕೋಳಿಬಂಡೆ

ಆ ಗುಡ್ಡಗಳನ್ನು ಕಂಡಾಗ ನನಗೆ ನಮ್ಮೂರೇ ಎನಿಸಿತು. ಮರವಿಲ್ಲ, ಬರೀ ಒಣಗಿದ ಜರೀಗಿಡ, ಹುಲ್ಲು, ನೆತ್ತಿಯ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಬಂಡೆಗಳು. ಕೃಷ್ಣಗಿರಿಯ ಗುಡ್ಡಗಳನ್ನು ಫ್ರಿಜ್ಜಿನಲ್ಲಿಟ್ಟು ತೆಗೆದ ಹಾಗೆ. ಕಾಡುಪ್ರಾಣಿ ಏನಿದೆ ಎಂದು ಕೇಳಿದೆ. ಕುರಿ ಎಂದ ಕೆನ್. ಸಾನಮಾವು ಕಾಡಂಚಿನಲ್ಲಿ ಆನೆ ಇಳಿದಿದೆಯೇ ಎಂದು ಕೇಳಿಕೊಂಡೇ ಹೊಲಕ್ಕೆ ಕಾಲಿಡುವ ನಮ್ಮವರು ನೆನಪಾದರು. ಇಲ್ಲಿ ಭಯಪಡುವುದಕ್ಕೆ ಏನೂ ಇಲ್ಲ. ಅದೇ ನನ್ನನ್ನು ಕೆಡಿಸಿತೋ ಏನೋ, ಭಯಕ್ಕೆ ಏನಾದರೊಂದು ಬೇಕಲ್ಲ.

ಗುಡ್ಡದ ಬುಡದ ಕಲ್ಲುಗೋಡೆಯನ್ನು ದಾಟುವುದಕ್ಕೆ ಜೋನಮ್ಮನಿಗೆ ಹೊತ್ತು ಹಿಡಿಯಿತು. ಕೆನ್ ಒಂದು ಕೈ, ರತ್ನ ಒಂದು ಕೈ. ನಾನು “ಐ ಗೋ, ಐ ಸೀ” ಎಂದು ಬಿರಬಿರನೆ ಹತ್ತಿದೆ. ಈ ವಯಸ್ಸಿನಲ್ಲೂ ಹೇಗೆ ಹತ್ತುತ್ತೇನೆ ಎಂದು ಅವರು ನೋಡಲಿ ಎಂಬ ಆಸೆಯೂ ಇತ್ತು.

ನೆತ್ತಿಯಲ್ಲಿ ಒಂದು ದೊಡ್ಡ ಗುಂಡುಬಂಡೆ. ಅದರ ಬುಡದಲ್ಲಿ ಗಾಳಿ ತಾಗದ, ಕೂರಲು ಚೆನ್ನಾದ ಜಾಗ. ಜೋನಮ್ಮನನ್ನು ಇಲ್ಲೇ ಕೂರಿಸಬೇಕು ಎಂದುಕೊಂಡು ತಲೆಯೆತ್ತಿದೆ. ಬಂಡೆಯ ಬೆನ್ನ ಮೇಲೆ ಒಂದು ಸಣ್ಣ ಕಲ್ಲು, ಕುರಿಮರಿಯಷ್ಟು ಗಾತ್ರದ್ದು, ಒಂದು ಕಡೆಗೆ ವಾಲಿ ಕೂತಿತ್ತು. ಹತ್ತಿ ಹೋಗಿ ಕೈಯಿಟ್ಟೆ. ಆಡಿತು.

ಕ್ವಾರಿಯಲ್ಲಿ ನಮಗೆ ಮೊದಲ ದಿನ ಕಲಿಸುವುದು ಉಳಿ ಹಿಡಿಯುವುದನ್ನಲ್ಲ. ತಲೆಯ ಮೇಲೆ ಆಡುವ ಕಲ್ಲು ಕಂಡರೆ ಕಂಡವನೇ ಕೆಡವಬೇಕು. ಮೇಸ್ತ್ರಿಯನ್ನು ಕೇಳುವ ಹಾಗಿಲ್ಲ, ಆಮೇಲೆ ಎನ್ನುವ ಹಾಗಿಲ್ಲ. ‘ಕಲ್ಲೋ’ ಎಂದು ಕೂಗಿ, ಕೆಳಗೆ ಯಾರೂ ಇಲ್ಲವೆಂದು ನೋಡಿ, ಹಾರೆ ಕೊಟ್ಟು ಉರುಳಿಸಿ, ಆಮೇಲೆ ಕೆಲಸ. ಕಂಡೂ ಬಿಟ್ಟುಹೋದವನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ. ಆ ನಿಯಮದಿಂದ ಎಷ್ಟು ಜನ ಮನೆಗೆ ನಡೆದುಕೊಂಡು ಹೋಗಿದ್ದಾರೆ ಎಂದು ನನಗೆ ಗೊತ್ತು.

ಹಾರೆ ಇರಲಿಲ್ಲ. ಬೆನ್ನು ಕೊಟ್ಟೆ. “ಕಲ್ಲೋ!” ಎಂದು ನಮ್ಮ ಭಾಷೆಯಲ್ಲೇ, ಹೊಟ್ಟೆಯಿಂದ ಕೂಗಿ, ಕಾಲು ಊರಿ ನೂಕಿದೆ. ಉರುಳಿ ಕೆಳಗಿನ ಬಂಡೆಗೆ ಬಡಿದು ಒಡೆಯಿತು. ಒಳ್ಳೆಯ ಸದ್ದು. ಕೈ ಒರೆಸಿಕೊಂಡು ಇಳಿದು ಬಂದೆ. ಊರಿನಿಂದ ಇಷ್ಟು ದೂರ ಬಂದು ಒಂದು ಕೆಲಸ ಮಾಡಿದೆನಲ್ಲ ಎಂದು ಖುಷಿಯೇ ಆಗಿತ್ತು.

ಜೋನಮ್ಮ ಏದುಸಿರು ಬಿಡುತ್ತಾ ಬಂದರು. “ಸಿಟ್, ಮೇಡಂ. ಸೇಫ್” ಎಂದು ಆ ಜಾಗ ತೋರಿಸಿದೆ. ಅವರು ಕೂರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಬಂಡೆಯನ್ನು ನೋಡಿದರು, ಸುತ್ತಿ ಬಂದು ನೋಡಿದರು. ಮಗನಿಗೆ ಏನೋ ಕೇಳಿದರು. ಅವನು ತಲೆ ಅಲ್ಲಾಡಿಸಿದ. ದಿಕ್ಸೂಚಿ ತೆಗೆದು ತಿರುಗಿಸಿದ. ದೂರದಲ್ಲಿ ಅದೇ ಥರದ ಇನ್ನೊಂದು ನೆತ್ತಿ ಕಾಣುತ್ತಿತ್ತು. ಅದನ್ನು ತೋರಿಸಿದ. ಜೋನಮ್ಮ ಕೋಲು ಊರಿ ಆ ಕಡೆ ಹೊರಟರು.

ಏನಾಯಿತು ಎಂದು ನನಗೆ ತಿಳಿಯಲಿಲ್ಲ. ತಿಳಿಸಿದ್ದು ರತ್ನ. ದಾರಿಯಲ್ಲಿ ಜೋನಮ್ಮ ಅವಳಿಗೆ ಕೈಯಲ್ಲೇ ಹೇಳಿದ್ದರು: ಎರಡು ಕೈ ಕಂಕುಳಿಗೆ ಮಡಚಿ ರೆಕ್ಕೆ, ಕೊಕ್ಕೊಕ್ಕೋ ಎಂದು ಸದ್ದು, ಆಮೇಲೆ ಒಂದು ಮುಷ್ಟಿಯ ಮೇಲೆ ಇನ್ನೊಂದು ಸಣ್ಣ ಮುಷ್ಟಿ.

“ಕೋಳಿ ಬೆನ್ಮ್ಯಾಲೆ ಮರಿ ಕುಂತಿರ್ಬೇಕಂತೆ. ಆ ಥರ ಬಂಡೆ. ಮರಿ ಕೊಕ್ಕು ಯಾವ ಕಡೆ ಐತೋ ಆ ಕಡೆ ನಡೀಬೇಕಂತೆ. ಇದು ಕೋಳಿ ಥರಾನೇ ಐತೆ, ಮರಿ ಇಲ್ವಲ್ಲ, ಇದಲ್ಲ ಅಂತ ಇನ್ನೊಂದ್ಕಡೆ ಹೊಂಟವ್ರೆ.”

ನನ್ನ ಕೈಗೆ ಇನ್ನೂ ಕಲ್ಲಿನ ಪಾಚಿ ಅಂಟಿತ್ತು. ಜೇಬಿನೊಳಗೆ ಇಟ್ಟುಕೊಂಡೆ.

ಇನ್ನೊಂದು ನೆತ್ತಿ

ಆಗಲೇ ಹೇಳಬೇಕಿತ್ತು. ಕೂಗಿದ್ದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದರು. ನಾನು ಹೇಳಲಿಲ್ಲ.

ಹಳ್ಳ, ಜೌಗು, ಮುಳ್ಳುಪೊದೆ. ಜೋನಮ್ಮ ಪ್ರತಿ ಹೆಜ್ಜೆಗೂ ಕೋಲನ್ನು ಮುಂದೆ ಊರಿ, ಒಳ್ಳೆಯ ಕಾಲನ್ನು ಇಟ್ಟು, ಕೆಟ್ಟ ಕಾಲನ್ನು ಎಳೆದುಕೊಳ್ಳುತ್ತಿದ್ದರು. ರತ್ನ ಸೀರೆಯನ್ನು ಎತ್ತಿ ಕಟ್ಟಿ ಅವರ ಸೊಂಟ ಹಿಡಿದು ನಡೆಯುತ್ತಿದ್ದಳು. ಹಿಂದೆ ಬರುತ್ತಿದ್ದ ನಾನು ಮಾತುಗಳನ್ನು ಜೋಡಿಸುತ್ತಿದ್ದೆ. ‘ಸಾರಿ’ ಗೊತ್ತು. ‘ಸ್ಟೋನ್’ ಗೊತ್ತು. ಸಾಕಾಗುತ್ತಿತ್ತು. ಆದರೆ ನನ್ನ ಮನಸ್ಸು, ನಿನಗೆಲ್ಲಪ್ಪ ಅಷ್ಟು ಇಂಗ್ಲಿಷು ಬರುತ್ತದೆ, ಸುಮ್ಮನಿರು ಎಂದಿತು. ಇಂಗ್ಲಿಷು ಬರದು ಎಂದು ಜೀವನದಲ್ಲಿ ಮೊದಲ ಸಲ ನನಗೆ ನಾನೇ ಒಪ್ಪಿಕೊಂಡದ್ದು ಆವತ್ತು, ಅದೂ ಬಚ್ಚಿಟ್ಟುಕೊಳ್ಳುವುದಕ್ಕೆ.

ಆ ನೆತ್ತಿಯಲ್ಲಿ ಕೋಳಿಯೂ ಇಲ್ಲ, ಮರಿಯೂ ಇಲ್ಲ. ಜೋನಮ್ಮ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು ಮೊಣಕಾಲು ಹಿಡಿದುಕೊಂಡರು. ಮುಖ ಬಿಳುಪಾಗಿತ್ತು. ಅಕ್ಕ ತನಗೆ ತಪ್ಪು ಗುರುತು ಹೇಳಿದಳೇ, ಕಾಯಿಲೆಯಲ್ಲಿ ತಲೆ ಕೆಟ್ಟಿತ್ತೇ, ಇಲ್ಲ ನನಗೇ ಮರೆತುಹೋಯಿತೇ ಎಂದು ಮಗನನ್ನು ಕೇಳುತ್ತಿದ್ದಾರೆ ಎಂಬುದು ಮುಖ ನೋಡಿದರೆ ಸಾಕು, ಭಾಷೆ ಬೇಕಾಗಿರಲಿಲ್ಲ. ಅವರು ತಮ್ಮ ತಲೆಯನ್ನು ಬೆರಳಿನಲ್ಲಿ ತಟ್ಟಿಕೊಂಡು ಏನೋ ಅಂದರು, ಕೆನ್ ಅವರ ಕೈ ಹಿಡಿದು ಕೆಳಗಿಳಿಸಿದ.

ರತ್ನ ನನ್ನ ಹತ್ತಿರ ಬಂದು ನಿಂತಳು. ಅವಳು ನನ್ನ ಕಡೆ ನೋಡದೆ ಬಯಲಿನ ಕಡೆ ನೋಡುತ್ತಿದ್ದಳು.

“ಬೆಳಿಗ್ಗೆ ‘ಕಲ್ಲೋ’ ಅಂತ ಕೂಗಿದ್ ಯಾರಯ್ಯಾ?”

ನಾನು ಬಗ್ಗಿ ಕಾಲಿಗೆ ಹತ್ತಿದ ಕೆಸರು ಕೆರೆಯತೊಡಗಿದೆ.

“ಕ್ವಾರಿಗೆ ಬುತ್ತಿ ತಂದೋಳು ನಾನು. ಆ ಕೂಗು ನಂಗೊತ್ತಿಲ್ವಾ? ಆಮ್ಯಾಲೆ ದಡಾರ್ ಅಂತು, ಆ ಗಾಳೀಲಿ ಅವ್ರಿಬ್ರು ಕಿವೀಗೆ ಹಾಕ್ಕೊಳ್ಲಿಲ್ಲ. ಏನೋ ಆಗ್ಲಿ ನಮ್ಮನೆಯೋರು ಬುದ್ವಂತ್ರು ಅಂತ ಸುಮ್ಕಿದ್ದೆ.”

“ಆಡೋ ಕಲ್ಲು ಕಣೇ. ಆಯಮ್ಮನ ತಲೆ ಮ್ಯಾಲೆ ಬಿದ್ದಿದ್ರೆ?”

“ಅಷ್ಟು ವರ್ಸ ಬೀಳ್ದೇ ಇದ್ದಿದ್ದು ಇವತ್ತೇ ಬೀಳ್ತಿತ್ತಾ? ಹೋಗ್ಲಿ ಬುಡು, ಬೀಳ್ಸಿದ್ದಕ್ಕೆ ನಾನೇನೂ ಅನ್ನಲ್ಲ. ಆ ಮುದ್ಕಿ ತನ್ ತಲೆ ಕೆಟ್ಟೋಗದೆ ಅನ್ಕೊಂಡವ್ಳೆ. ನೋಡ್ಕೊಂಡು ನಿಂತಿದ್ದೀಯಲ್ಲ. ನೀನ್ ಹೇಳ್ತೀಯೋ, ನಾನೇ ಕೈಸನ್ನೇಲಿ ಹೇಳ್ಲೋ?”

ಹೋದೆ. ಕೂತಿದ್ದ ಜೋನಮ್ಮನ ಮುಂದೆ ನಿಂತು, “ಮೇಡಂ. ಸಾರಿ. ಬೇಬಿ ಹೆನ್ ಸ್ಟೋನ್. ಐ ಪುಶ್. ಬ್ರೋಕನ್” ಎಂದೆ. ಕೈಯಲ್ಲಿ ನೂಕಿ ತೋರಿಸಿದೆ. ಯಾಕೆ ಎಂದ ಕೆನ್. ಅವನ ಮುಖವನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಅವನು ನಮ್ಮ ಕ್ವಾರಿ ಕಂಡವನು. ತಲೆಯ ಮೇಲೆ ಕೈಯಿಟ್ಟು, ಬೀಳುವ ಕಲ್ಲನ್ನು ತೋರಿಸಿದೆ. ಅವನಿಗೆ ಅರ್ಥವಾಯಿತು, ತಾಯಿಗೆ ಹೇಳಿದ. ಅರ್ಥವಾದ ಮೇಲೆ ಅವನಿಗೆ ಬೈಯುವುದಕ್ಕೂ ಆಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೋನಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಮುಖಕ್ಕೆ ಸ್ವಲ್ಪ ಬಣ್ಣ ಬಂದದ್ದನ್ನು ಕಂಡೆ. ತನ್ನ ತಲೆ ಕೆಟ್ಟಿಲ್ಲ ಎಂದು ಅವರಿಗೆ ಸಮಾಧಾನವಾಗಿತ್ತು. ಆಮೇಲೆ ನಿಧಾನವಾಗಿ, ನನಗೆಂದೇ ಬಿಡಿಬಿಡಿಯಾಗಿ, ಒಂದೇ ಪ್ರಶ್ನೆ ಕೇಳಿದರು. ಜೊತೆಗೆ ಎರಡು ಬೆರಳು ಸೇರಿಸಿ ಕೊಕ್ಕು ಮಾಡಿ ಆ ಕಡೆ ಈ ಕಡೆ ತಿರುಗಿಸಿ ತೋರಿಸಿದರು. ಮರಿ ಯಾವ ಕಡೆ ನೋಡುತ್ತಿತ್ತು?

ಚಿಕ್ಕಂದಿನಿಂದ ಕಲ್ಲನ್ನೇ ನೋಡಿದವನು ನಾನು. ಬೇರೆಯವರು ಗೋಡೆ ಕಾಣುವ ಕಡೆ ನಾನು ಎಳೆ, ಬಿರುಕು, ತಿರುವು ಕಾಣುತ್ತೇನೆ ಎಂದು ಹೇಳಿಕೊಳ್ಳುವವನು. ಕಣ್ಣು ಮುಚ್ಚಿ ನೆನೆಸಿಕೊಂಡೆ. ಅದರ ಬುಡ ನೆನಪಿತ್ತು, ಎಲ್ಲಿ ಬೆನ್ನು ಕೊಟ್ಟರೆ ಎತ್ತ ಉರುಳುತ್ತದೆ ಎಂಬುದು ನೆನಪಿತ್ತು. ಅದಕ್ಕೆ ಮುಖವಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

“ಐ ನಾಟ್ ಸೀ” ಎಂದೆ.

ಮುಟ್ಟಬೇಡಿ

ಕೋಳಿಬಂಡೆಗೆ ಹಿಂತಿರುಗುವ ಹೊತ್ತಿಗೆ ಮೋಡ ಕೆಳಗಿಳಿಯುತ್ತಿತ್ತು. ಮರಿ ನಾಲ್ಕೈದು ಹೋಳಾಗಿ ಹುಲ್ಲಿನಲ್ಲಿ ಬಿದ್ದಿತ್ತು. ಎತ್ತಿ ಜೋಡಿಸಿದರೆ ಕೊಕ್ಕು ತಿಳಿದೀತೇನೋ ಎಂದು ನಾನು ಬಗ್ಗಿ ಒಂದು ಹೋಳಿಗೆ ಕೈ ಹಾಕಿದೆ.

“ಪ್ಲೀಸ್,” ಎಂದರು ಜೋನಮ್ಮ. ಉಳಿದದ್ದನ್ನು ಕೈ ಎತ್ತಿ ಹೇಳಿದರು. ದಯವಿಟ್ಟು ಇನ್ನು ಏನನ್ನೂ ಮುಟ್ಟಬೇಡಿ.

ಸಿಟ್ಟಿನಿಂದ ಹೇಳಲಿಲ್ಲ. ಗಾಜಿನ ಅಂಗಡಿಗೆ ಬಂದ ಹಳ್ಳಿಯವನಿಗೆ ಹೇಳುವ ಹಾಗೆ, ಮರ್ಯಾದೆಯಾಗಿಯೇ ಹೇಳಿದರು. ನಾನು ಕೈ ತೆಗೆದು ದೂರ ಹೋಗಿ ಕೂತೆ. ನನ್ನ ಜೀವಮಾನದಲ್ಲಿ ಕಲ್ಲು ಮುಟ್ಟಬೇಡ ಎಂದು ನನಗೆ ಹೇಳಿದವರು ಯಾರೂ ಇರಲಿಲ್ಲ.

ಅವರು ಮೂವರೂ ಹುಡುಕಿದರು. ಮರಿಯ ನೋಟ ಹಿಡಿದು ನಡೆದು, ಚರ್ಚಿನ ಗೋಪುರ ದಿಣ್ಣೆಯ ಹಿಂದೆ ಮರೆಯಾದ ಕಡೆ ನಿಂತು, ಕಾಲ ಬಳಿ ನೋಡಬೇಕಂತೆ. ಆದರೆ ಇಳಿಜಾರಿನಲ್ಲಿ ಯಾವ ಕಡೆ ಹೋದರೂ ಒಂದಲ್ಲ ಒಂದು ಕಡೆ ಗೋಪುರ ಮರೆಯಾಗುತ್ತಿತ್ತು, ಎಲ್ಲಿ ನಿಂತರೂ ಕಾಲ ಬಳಿ ಕಲ್ಲೇ ಕಲ್ಲು. ಕೆನ್ ಒಂದು ಕಡೆ ಮಂಡಿಯೂರಿದ್ದ. ರತ್ನ ಬಳೆ ಮೇಲೆ ಸರಿಸಿ ಸಂದಿಸಂದಿಗೂ ಕೈ ಹಾಕುತ್ತಿದ್ದಳು. “ಹಾವಿಲ್ದಿರೋ ಊರು ಪುಣ್ಯ” ಎಂದು ಅವಳು ಗೊಣಗಿದ್ದು ನನಗೆ ಕೇಳಿಸಿತು. ಜೋನಮ್ಮ ಕೋಲಿನ ತುದಿಯಿಂದ ಜರೀಗಿಡ ಸರಿಸಿ, ಮಸುಕು ಕಣ್ಣನ್ನು ಕಲ್ಲಿಗೆ ಹತ್ತಿರ ತಂದು ನೋಡುತ್ತಿದ್ದರು. ದುಡಿಯುವ ಮೂವರನ್ನು ನೋಡುತ್ತಾ ಕೈಕಟ್ಟಿ ಕೂರುವುದು ಎಂಥದ್ದು ಎಂದು ಆವತ್ತು ಗೊತ್ತಾಯಿತು.

ನಡುವೆ ಒಮ್ಮೆ ಜೋನಮ್ಮ ಚೀಲದಿಂದ ಫ್ಲಾಸ್ಕು ತೆಗೆದರು. ಮೊದಲ ಲೋಟ ಟೀಯನ್ನು ರತ್ನನ ಕೈಯಲ್ಲಿ ನನಗೆ ಕಳಿಸಿದರು. ನಮ್ಮಲ್ಲೂ ಹಾಗೇ ತಾನೇ, ಮೊದಲು ನೆಂಟರಿಗೆ. ಅದನ್ನು ಕುಡಿಯುವುದಕ್ಕೂ ಚೆಲ್ಲುವುದಕ್ಕೂ ಧೈರ್ಯವಾಗದೆ ಲೋಟ ಹಿಡಿದುಕೊಂಡೇ ಇದ್ದೆ, ತಣ್ಣಗಾಯಿತು.

ಮಂಜು ಬಂದು ಕೋಳಿಯನ್ನೂ ಮುಚ್ಚಿತು. ಇಳಿಯಲೇಬೇಕು ಎಂದ ಕೆನ್. ಜೋನಮ್ಮ ಬಂಡೆಯ ಪಕ್ಕೆಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು, ಅದಕ್ಕೆ ಏನೋ ಹೇಳಿದರು. ಅದೇನೆಂದು ನಾನು ಯಾರನ್ನೂ ಕೇಳಿಲ್ಲ.

ಅಡಿಗೆಮನೆ

ಮರುದಿನ ನಮ್ಮ ಪ್ರಯಾಣ. ಹೊರಡುವ ಮುಂಚೆ ನಾನು ಕೆನ್‌ನನ್ನು ಕೂರಿಸಿಕೊಂಡು ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಮಾತನ್ನು ಹೇಳಿದೆ. ಊರಿಗೆ ಹೋಗಿ ಒಳ್ಳೆಯ ಕಲ್ಲಿನಲ್ಲಿ ಅಂಥದ್ದೇ ಒಂದು ಮರಿಯನ್ನು ನನ್ನ ಕೈಯಿಂದಲೇ ಕಡೆಯುತ್ತೇನೆ. ಮುಂದಿನ ಕಂಟೈನರಿನಲ್ಲಿ ಹಾಕಿ ಕಳಿಸುತ್ತೇನೆ. ನೀವು ಅದನ್ನು ಅಲ್ಲೇ ಕೂರಿಸಿ.

ಕೆನ್ ತಾಯಿಗೆ ಹೇಳಿದ. ಜೋನಮ್ಮ ನಿಜವಾಗಿಯೂ ಯೋಚಿಸಿದರು. ಆಮೇಲೆ ತಲೆ ಅಲ್ಲಾಡಿಸಿ ಹೇಳಿದ್ದನ್ನು ಕೆನ್ ನನಗೆ ಬಿಡಿಸಿ ಹೇಳಿದ.

“ಬೇಡವಂತೆ. ನೀನು ಮಾಡಿದರೆ ಅದು ಬೇಡದಷ್ಟು ಚೆನ್ನಾಗಿರುತ್ತಂತೆ, ತಾನಾಗಿ ಕೂತ ಕಲ್ಲಿನ ಹಾಗಿರುವುದಿಲ್ಲವಂತೆ.”

ರತ್ನ ಮತ್ತು ಜೋನಮ್ಮ ಬಾಗಿಲಲ್ಲಿ ತಬ್ಬಿಕೊಂಡರು. ನನಗೆ ಅವರು ಕೈ ಕೊಟ್ಟರು. ವಿಮಾನದಲ್ಲಿ ರತ್ನ ನಿದ್ದೆ ಹೋದಳು. ನಾನು ನನ್ನ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಶೆಡ್ಡು

ಬಂದ ಮೇಲೆ ಕೆಲಸಕ್ಕೆ ಬಿದ್ದೆ. ಟೀ ಅಂಗಡಿಯಲ್ಲಿ ಚರ್ಚಿನ ಹಿತ್ತಲಿನ ಕಥೆ ಹೇಳಿದೆ, ಸಂಡಿಗೆಯ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ಗುಡ್ಡ ಹತ್ತಿದೆಯಂತಲ್ಲ ಎಂದು ಯಾರಾದರೂ ಕೇಳಿದರೆ, ಮಂಜಿತ್ತು, ಏನೂ ಕಾಣಲಿಲ್ಲ ಎನ್ನುತ್ತಿದ್ದೆ. ರತ್ನ ಪಕ್ಕದಲ್ಲಿದ್ದರೆ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವಳು. ಅದು ಇನ್ನೂ ಕಷ್ಟ.

ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಕೆನ್ ಫೋನು ಮಾಡಿದ. ಮೊದಲು ಕಲ್ಲಿನ ಮಾತು. ಆಮೇಲೆ ದನಿ ಬದಲಾಯಿತು. ಮಿಷನ್ನು ನಿಲ್ಲಿಸಿ ಎಂದು ಹುಡುಗರಿಗೆ ಸನ್ನೆ ಮಾಡಿದೆ.

ತಾಯಿಗೆ ಡಬ್ಬಿ ಸಿಕ್ಕಿತಂತೆ. ನಾವು ಊರಿಗೆ ಹೊರಟು ಬಂದ ಮೇಲೂ ಭಾನುವಾರ ಭಾನುವಾರ ಹೋದರಂತೆ. ಆಪರೇಷನ್ನು ಮುಂದಕ್ಕೆ ಹಾಕಿಸಿಕೊಂಡು, ಡಾಕ್ಟರ ಕೈಲಿ ಬೈಸಿಕೊಂಡು, ಒಂದೊಂದು ವಾರ ಒಂದೊಂದು ದಿಕ್ಕು ಹಿಡಿದು ಹುಡುಕಿದರಂತೆ. ಕೊನೆಗೆ ಒಂದು ತೊರೆಯ ಪಕ್ಕದ ಚಪ್ಪಡಿಯ ಕೆಳಗೆ ಅವರ ಕೈಗೇ ಸಿಕ್ಕಿತಂತೆ. ಅಕ್ಕನ ಕೊನೆಯ ಮೊಹರಿನಲ್ಲಿ ಏನಿತ್ತು ಎಂದು ನಾನು ಕೇಳಿದೆ. ಅದನ್ನು ಅ‌ಮ್ಮ ಯಾರಿಗೂ ತೋರಿಸಿಲ್ಲ ಎಂದ. ನಾನು ಬೆಂಚಿನ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು, ಕಲ್ಲಿನ ಧೂಳು ಎಂದು ಹುಡುಗರು ಅಂದುಕೊಂಡಿರಬೇಕು.

ಇನ್ನೂ ಇದೆ ಎಂದ ಕೆನ್. ಸಿಕ್ಕಿದ ಮೇಲೆ ಬಚ್ಚಿಡುವುದು ಅವರ ಸರದಿ. ಹುಡುಕುವ ಅಕ್ಕನಿಲ್ಲ. ಆದ್ದರಿಂದ ಯಾರು ಬೇಕಾದರೂ ಹುಡುಕಲಿ ಎಂದು ಇಟ್ಟು, ಹೊಸ ಗುರುತು ಕಟ್ಟಿದ್ದಾರೆ. ಅದನ್ನು ನಿನಗೂ ಹೇಳಬೇಕಂತೆ. ಹೇಳುತ್ತೇನೆ ಕೇಳು ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿದ, ತಾಯಿಯ ಹಾಗೆಯೇ, ಹಾಡಿನ ಹಾಗೆ.

“ಯಸ್, ಯಸ್” ಎಂದುಬಿಟ್ಟೆ. ಬಾಯಿಗೆ ಅಷ್ಟು ರೂಢಿ. ರತ್ನ ಬುತ್ತಿ ತಂದವಳು ಬಾಗಿಲಲ್ಲಿ ನಿಂತಿದ್ದಳು. ಹುಡುಗರೂ ಕೈ ಕಟ್ಟಿ ನನ್ನನ್ನೇ ನೋಡುತ್ತಿದ್ದರು. ಮಿಷನ್ನು ನಿಂತು ಶೆಡ್ಡು ನಿಶ್ಶಬ್ದವಾಗಿತ್ತು.

“ಕೆನ್,” ಎಂದೆ. “ಐ ನಾಟ್ ಅಂಡರ್‌ಸ್ಟ್ಯಾಂಡ್. ಎಗೇನ್. ಸ್ಲೋ.”

ಇಷ್ಟು ವರ್ಷದ ವ್ಯವಹಾರದಲ್ಲಿ ಅವನು ನನ್ನ ಬಾಯಿಂದ ಈ ಮಾತು ಕೇಳಿದ್ದಿಲ್ಲ. ಆಮೇಲೆ ಒಂದೊಂದೇ ತುಂಡು ಮಾಡಿ ಹೇಳಿದ. ಒಂದೊಂದು ತುಂಡಿಗೂ ನಿಲ್ಲಿಸಿ, ಅರ್ಥವಾಯಿತೇ ಎಂದು ಕೇಳಿದ. ಆಗದ ಕಡೆ ಆಗಲಿಲ್ಲ ಎಂದೆ.

ಮರಿ ಇಲ್ಲದ ಕೋಳಿಯ ಹತ್ತಿರ ಹೋಗಿ. ಅದರ ಮರಿಯನ್ನು ದೂರದೇಶದ ಒಬ್ಬ ಮನುಷ್ಯ, ನನ್ನ ತಲೆಯ ಮೇಲೆ ಬಿದ್ದೀತೆಂದು ಹೆದರಿ, ನೂಕಿ ಒಡೆದ. ಅವನು ನಿಂತ ಕಡೆ ನಿಲ್ಲಿ. ಹೋಳುಗಳು ಬಿದ್ದ ಕಡೆ ನೋಡಿ. ಅತ್ತ ನಡೆಯಿರಿ.

ನನ್ನ ಕೆಲಸ ಇನ್ನು ಅಲ್ಲಿಯ ಗುಡ್ಡದ ಗುರುತಾಯಿತು. ನನ್ನನ್ನು ಕಂಡರಿಯದವರು, ಮಕ್ಕಳು ಮರಿ ಕಟ್ಟಿಕೊಂಡು ಬಂದವರು, ನಾನು ಕಾಲೂರಿದ ಕಡೆ ಕಾಲೂರಿ ನಿಂತು ಕೆಳಗೆ ನೋಡುತ್ತಾರೆ. ಕಿವಿ ಬಿಸಿಯಾಯಿತು.

ಆಮೇಲೆ ಇನ್ನೊಂದು ಸಾಲಿತ್ತು, ಎಲ್ಲಿ ನಿಲ್ಲಬೇಕು ಎಂಬುದು. ಅದು ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ಬಿಡಬಹುದಿತ್ತು. ನಾನೇನು ಅಲ್ಲಿಗೆ ಹೋಗಿ ಹುಡುಕುವವನೇ?

“ಏನಂತಯ್ಯಾ?” ಎಂದಳು ರತ್ನ ಮೆಲ್ಲಗೆ.

“ಪೂರ್ತಿ ತಿಳೀಲಿಲ್ಲ ಕಣೇ, ತಡಿ,” ಎಂದೆ ಎಲ್ಲರ ಮುಂದೆಯೇ, ಫೋನನ್ನು ಕಿವಿಗೆ ಒತ್ತಿಕೊಂಡು. “ಕೆನ್, ಸಾರಿ. ಲಾಸ್ಟ್ ಲೈನ್ ನಾಟ್ ಅಂಡರ್‌ಸ್ಟ್ಯಾಂಡ್. ಒನ್ಸ್ ಮೋರ್.”

ಹಾಡಿನ ಹಾಗೆ ಬಾಯಿಪಾಠವಾಗಿದ್ದರಿಂದಲೋ ಏನೋ, ಅವನಿಗೆ ನಡುವಿನಿಂದ ಎತ್ತಿಕೊಳ್ಳಲು ಬರಲಿಲ್ಲ. ಮೊದಲಿನಿಂದಲೇ ಶುರು ಮಾಡಿದ. ಮರಿ ಇಲ್ಲದ ಕೋಳಿಯ ಹತ್ತಿರ ಹೋಗಿ. ಅದರ ಮರಿಯನ್ನು ದೂರದೇಶದ ಒಬ್ಬ ಮನುಷ್ಯ...

ನಾನು ತಲೆಯಾಡಿಸದೆ ಕೇಳಿಸಿಕೊಂಡೆ.